ಹೆಜ್ಜೆಗುರುತು, ವಿಮಾನದ ಗೆರೆ, ಮರಳಿನ ಗೀರು: ಲೋಕ ಮುಗಿದ ಮೇಲಿನ ಒಂದು ಫ್ರೆಂಚ್ ಕಿರುಚಿತ್ರದ ಪ್ರಕರಣ

ಹಿನ್ನೆಲೆ

ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ತೆಗೆದ 21 ನಿಮಿಷದ ಕಪ್ಪು-ಬಿಳುಪು ಚಿತ್ರವೊಂದರ ಪ್ರಕರಣ ಇದು. ತಂಡದವರ ಹೆಸರು, ಊರು, ಚಿತ್ರದ ಶೀರ್ಷಿಕೆ, ವರ್ಷ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಆರು ಜನರ ತಂಡ, ಒಬ್ಬಳೇ ನಟಿ, ಸ್ಪ್ರಿಂಗ್ ಸುತ್ತಿ ಓಡಿಸುವ ಹಳೆಯ 16 ಎಂಎಂ ಬೋಲೆಕ್ಸ್ ಕ್ಯಾಮೆರಾ, 14 ರೋಲು ಫಿಲ್ಮು. ಬಂಡವಾಳ ಅಷ್ಟೇ.

ಕಥೆಯೂ ಚಿಕ್ಕದು. ಏನಾಯಿತೆಂದು ಚಿತ್ರ ಹೇಳದ ಒಂದು ವಿಪತ್ತಿನ ನಂತರ ಒಬ್ಬ ಹೆಂಗಸು ಕಡಲ ದಂಡೆಯ ಕಾಂಕ್ರೀಟ್ ಬಂಕರಿನಲ್ಲಿ ಬದುಕಿದ್ದಾಳೆ. ದಿನಾ ಬೆಳಿಗ್ಗೆ ಮರಳಿನಲ್ಲಿ ಕೋಲು ನೆಟ್ಟು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಅದರ ಮೇಲೆ ಗುರುತು ಹಾಕುತ್ತಾಳೆ. ಗುರುತು ಮೇಲೇರುತ್ತಾ ಹೋಗುತ್ತದೆ.

ಈ ಜಾಡು ಫ್ರೆಂಚ್ ಸಿನಿಮಾಕ್ಕೆ ಹೊಸದಲ್ಲ. ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 28 ನಿಮಿಷದ ‘ಲಾ ಜೆತೇ’ಯಲ್ಲಿ ಮೂರನೇ ಮಹಾಯುದ್ಧದ ನಂತರದ ಪ್ಯಾರಿಸ್ ಇದೆ. ಬದುಕುಳಿದವರು ನೆಲದಡಿಯಲ್ಲಿದ್ದಾರೆ, ಚಿತ್ರ ಹೆಚ್ಚುಕಮ್ಮಿ ಪೂರ್ತಿ ಸ್ಥಿರಚಿತ್ರಗಳಲ್ಲೇ ನಡೆಯುತ್ತದೆ, ಕಥೆಯನ್ನು ಹೊರುವುದು ನಿರೂಪಕನ ದನಿ. 1983ರಲ್ಲಿ ಲ್ಯುಕ್ ಬೆಸಾನ್ ಮಾಡಿದ ‘ಲ ದೆರ್ನಿಯೆ ಕೊಂಬಾ’ ಕಪ್ಪು-ಬಿಳುಪಿನದೇ, ಆದರೆ ಅದರಲ್ಲಿ ಮಾತೇ ಇಲ್ಲವೆನ್ನಬೇಕು. ಒಂದರಲ್ಲಿ ಎಲ್ಲವನ್ನೂ ಮಾತು ಹೇಳುತ್ತದೆ, ಇನ್ನೊಂದರಲ್ಲಿ ಮಾತಿಗೆ ಕೆಲಸವೇ ಇಲ್ಲ. ನಮ್ಮ ತಂಡ ಹೊರಟದ್ದು ಎರಡನೆಯ ದಾರಿಯಲ್ಲಿ. ತಲುಪಿದ್ದು ಮಾತ್ರ ಬೇರೆಲ್ಲಿಗೋ.

ಜಾಗದ ಆಯ್ಕೆ ಸರಿಯಾಗೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಅಟ್ಲಾಂಟಿಕ್ ಗೋಡೆಯೆಂದು ಕಟ್ಟಿದ ಬಂಕರುಗಳು ಈ ತೀರದುದ್ದಕ್ಕೂ ಇವೆ. ಮರಳುದಿಬ್ಬ ಕೊರೆದುಹೋಗಿ ಎಷ್ಟೋ ಬಂಕರು ದಂಡೆಗೆ ಉರುಳಿ, ಓರೆಯಾಗಿ, ಅರ್ಧ ಹೂತು ನಿಂತಿವೆ. ಅವಶೇಷ ಕಟ್ಟಲು ಒಂದು ಯೂರೋ ಕೂಡ ಬೇಕಿಲ್ಲ. ಕಷ್ಟದ ಭಾಗ ಮುಗಿಯಿತು ಎಂದು ತಂಡ ಅಂದುಕೊಂಡಿತ್ತು. ಈ ಪ್ರಕರಣದ ಮೊದಲ ತಪ್ಪು ಲೆಕ್ಕ ಅದೇ.

ತೊಡಕು

ಪಾಳುಬಿದ್ದದ್ದನ್ನು ತೋರಿಸುವುದು ಸುಲಭ. ಈಗ ನಡೆಯುತ್ತಿರುವುದನ್ನು ಚೌಕಟ್ಟಿನಿಂದ ಹೊರಗಿಡುವುದು ಕಷ್ಟ. ಜನವಿಲ್ಲದ ಲೋಕ ಬೇಕಾದವರು ಜಗತ್ತಿನ ಅತಿ ಬಿರುಸಿನ ಹಡಗುಮಾರ್ಗಗಳಲ್ಲೊಂದರ ಪಕ್ಕಕ್ಕೆ, ಲಂಡನ್–ಪ್ಯಾರಿಸ್–ಆಮ್ಸ್ಟರ್‌ಡ್ಯಾಮ್ ವಿಮಾನಗಳು ಹಾರಾಡುವ ಆಕಾಶದ ಕೆಳಕ್ಕೆ ಬಂದಿದ್ದರು.

ಅದಕ್ಕೂ ಮೊದಲು ಅನುಮತಿ. ತಂಡದ ಕೈಯಲ್ಲಿದ್ದದ್ದು ಊರಿನ ಮೇಯರ್ ಕಚೇರಿಯ ಪತ್ರ ಮಾತ್ರ. ಫ್ರಾನ್ಸಿನಲ್ಲಿ ಉಬ್ಬರದ ನೀರು ತಾಗುವ ದಂಡೆ ಸರ್ಕಾರದ ಸಾಗರ ಆಸ್ತಿಗೆ ಸೇರುತ್ತದೆ, ಅಲ್ಲಿ ಸಲಕರಣೆ ಹೂಡಿ ಚಿತ್ರೀಕರಿಸಲು ಜಿಲ್ಲೆಯ ಸಾಗರ ಆಡಳಿತದ ಒಪ್ಪಿಗೆಯೂ ಬೇಕು. ಜೊತೆಗೆ ಏಪ್ರಿಲ್‌ನಿಂದ ಜುಲೈವರೆಗೆ ಗ್ರಾವೆಲೊ ಎಂಬ ಪುಟ್ಟ ಹಕ್ಕಿ ದಂಡೆಯ ಬರಿ ಮರಳಿನಲ್ಲೇ ಮೊಟ್ಟೆಯಿಡುತ್ತದೆ, ಆಗ ಆ ಭಾಗಕ್ಕೆ ಕಾಲಿಡುವಂತಿಲ್ಲ. ಜೂನ್ ಚಿತ್ರೀಕರಣ ಅಕ್ಟೋಬರ್ ಮೊದಲ ವಾರಕ್ಕೆ ಹೋಯಿತು. ಆಗ ಎಲ್ಲರೂ ಗೊಣಗಿದರು, ಆಮೇಲೆ ನೋಡಿದರೆ ಅದೇ ದೊಡ್ಡ ಲಾಭ.

ಏಕೆಂದರೆ ವಿಷುವದ ಹೊತ್ತಿಗೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಉಬ್ಬರವಿಳಿತ ಅತಿ ದೊಡ್ಡದು. ಫ್ರೆಂಚರು ಅದನ್ನು 20ರಿಂದ 120ರವರೆಗಿನ ಒಂದು ಅಂಕಿಯಲ್ಲಿ ಅಳೆಯುತ್ತಾರೆ. ಪಂಚಾಂಗದ ಹಾಗೆ ಅದರದೇ ಪಟ್ಟಿ ಸಿಗುತ್ತದೆ. ಅಂಕಿ 100 ದಾಟಿದ ದಿನ ಈ ತೀರದಲ್ಲಿ ನೀರು ಐದಾರು ಮೀಟರ್ ಏರಿಳಿಯುತ್ತದೆ. ಮಂಗಳೂರು ಕಡೆಯ ಒಂದೂವರೆ ಮೀಟರ್ ನೋಡಿದ ಕಣ್ಣಿಗೆ ಇದು ಬೇರೆಯೇ ಕಡಲು. ಇನ್ನೂ ಒಂದು ಅನುಕೂಲವಿದೆ: ಈ ಭಾಗದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಪೂರ್ತಿ ಇಳಿಯುವುದು ಸೂರ್ಯ ಹುಟ್ಟುವ ಹೊತ್ತಿನ ಆಸುಪಾಸಿನಲ್ಲಿ. ರಾತ್ರಿಯ ಉಬ್ಬರ ಹಿಂದಿನ ದಿನದ ಎಲ್ಲ ಹೆಜ್ಜೆಯನ್ನೂ ತೊಳೆದಿರುತ್ತದೆ, ನಾಯಿ ಹಿಡಿದು ಬರುವವರು ಇನ್ನೂ ಬಂದಿರುವುದಿಲ್ಲ. ಅಲೆಯ ಸಣ್ಣ ಮಡಿಕೆಗಳ ಸಮೇತ, ಯಾರೂ ತುಳಿಯದ ನೂರಾರು ಮೀಟರ್ ಹಸಿ ಮರಳು ಮುಂದಿರುತ್ತದೆ.

ಆದರೆ ಒಂದು ಟೇಕ್ ಆಯಿತೆಂದರೆ ಆ ಮರಳು ಮುಗಿಯಿತು. ನಟಿ ನಡೆದ ಸಾಲು ಎರಡನೇ ಟೇಕಿನಲ್ಲಿ ಎದ್ದು ಕಾಣುತ್ತದೆ. ಮೊದಲ ದಿನ ಕುಂಟೆಯಿಂದ ಎಳೆದು ನೋಡಿದರು, ಹಲ್ಲಿನ ಗೆರೆ ಹೆಜ್ಜೆಗಿಂತ ಕೆಟ್ಟದಾಗಿ ಕಂಡಿತು. ಪೊರಕೆಯಿಂದ ಗುಡಿಸಿದರೆ ನೆಲ ಬೋಳಾಯಿತು. ಅಲೆ ಮಾಡಿದ ಮಡಿಕೆಯನ್ನು ಕೈಯಿಂದ ಮರಳಿ ಮಾಡಲು ಬರುವುದಿಲ್ಲ. ಎರಡನೇ ದಿನದಿಂದ ದಂಡೆಯನ್ನು ಆರು ಪಟ್ಟಿಯಾಗಿ ಭಾಗಮಾಡಿ, ಕ್ಯಾಮೆರಾಕ್ಕೆ ಕಾಣದ ಕಡೆ ಕಡ್ಡಿ ಚುಚ್ಚಿದರು. ಒಂದು ಪಟ್ಟಿಗೆ ಒಂದೇ ಟೇಕ್. ಕೆಲಸದವರು ನಡೆಯಬೇಕಾದದ್ದು ಪಾಚಿ-ಕಸ ಬಂದು ನಿಂತ ಗೆರೆಯ ಮೇಲ್ಗಡೆ ಮಾತ್ರ. ದಿನಕ್ಕೆ ಆರು ಟೇಕ್, ಮತ್ತೆ ಮುಂದಿನ ಉಬ್ಬರದವರೆಗೆ ಕಾಯಬೇಕು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಈ ಅನುಕೂಲ ಐದು ದಿನಕ್ಕಿಂತ ಹೆಚ್ಚು ಸಿಗುವುದಿಲ್ಲ.

ಮಾಡಿ ನೋಡಿದ್ದು

ಚಿತ್ರದಲ್ಲಿ ರಾತ್ರಿಯ ದೃಶ್ಯಗಳಿದ್ದವು, ದೀಪಕ್ಕೆ ದುಡ್ಡಿರಲಿಲ್ಲ. ಕ್ಯಾಮೆರಾದವರು ಹಳೆಯ ಉಪಾಯಕ್ಕೆ ಕೈಹಾಕಿದರು: ಹಗಲನ್ನೇ ರಾತ್ರಿ ಮಾಡುವುದು. ಅದಕ್ಕೆ ಫ್ರೆಂಚಿನಲ್ಲಿ ‘ಅಮೆರಿಕನ್ ರಾತ್ರಿ’ ಎಂದೇ ಹೆಸರು. ಕಪ್ಪು-ಬಿಳುಪಿನಲ್ಲಿ ಗಾಢ ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತದೆ. ಲೆಕ್ಕ ಹೀಗಿತ್ತು. ಡಬಲ್-ಎಕ್ಸ್ ಎಂಬ ಕಪ್ಪು-ಬಿಳುಪು ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಅದರ ಸೂಕ್ಷ್ಮತೆ, ಹಗಲಿಗೆ 250. ಬೋಲೆಕ್ಸ್ 24 ಫ್ರೇಮಿನಲ್ಲಿ ಓಡುವಾಗ ಶಟರು ತೆರೆದಿರುವುದು ಸೆಕೆಂಡಿನ ಸುಮಾರು 65ನೇ ಒಂದು ಭಾಗ. ಕಟುಬಿಸಿಲಿನಲ್ಲಿ ಫಿಲ್ಟರಿಲ್ಲದ ಲೆನ್ಸಿಗೆ ಎಫ್/32 ಬೇಕಾಗುತ್ತದೆ (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು). ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು. ಕೆಂಪು ಫಿಲ್ಟರ್ ಮೂರು ಸ್ಟಾಪ್ ತಿನ್ನುತ್ತದೆ, ಎಫ್/11. ನೋಡುಗಾಜಿಗೆ ಬೆಳಕು ಕದಿಯುವ ಪ್ರಿಸಮ್ಮಿಗೆ ಮೂರನೇ ಒಂದು ಸ್ಟಾಪ್. ಅದರ ಮೇಲೆ ರಾತ್ರಿ ಅನ್ನಿಸಲು ಒಂದೂವರೆ ಸ್ಟಾಪ್ ಕಡಿಮೆ ಕೊಡಬೇಕು. ಕೊನೆಗೆ ಎಫ್/16.

ಲೆಕ್ಕದಲ್ಲಿ ತಪ್ಪಿಲ್ಲ, ಆಕಾಶ ಕಪ್ಪಾಗೇ ಬಂತು. ಆ ಕಪ್ಪಿನ ಮೇಲೆ, ಬರಿಗಣ್ಣಿಗೆ ತೆಳುವಾಗಿ ಕಂಡಿದ್ದ ವಿಮಾನದ ಬಿಳಿ ಗೆರೆಗಳು ಸುಣ್ಣ ಬಳಿದ ಹಾಗೆ ಹೊಳೆದವು. ಕೆಂಪು ಫಿಲ್ಟರ್ ನೀಲಿಯನ್ನು ಮಾತ್ರ ಕಪ್ಪಾಗಿಸುತ್ತದೆ, ಬಿಳಿಯದನ್ನು ಹಾಗೇ ಬಿಟ್ಟು ಇನ್ನಷ್ಟು ಎತ್ತಿ ತೋರಿಸುತ್ತದೆ. ರೋಲು 2 ಮತ್ತು 3 ಹೀಗೆ ಹೋದವು. ಮೋಡ ಕವಿದ ದಿನ ಕೆಂಪು ಫಿಲ್ಟರಿಗೆ ಕೆಲಸವೇ ಇಲ್ಲ, ಬೂದು ಆಕಾಶ ಬೂದಾಗೇ ಉಳಿಯುತ್ತದೆ. ಆಕಾಶವನ್ನು ಚೌಕಟ್ಟಿಗೆ ಸೇರಿಸದೆ, ಫಿಲ್ಟರಿಲ್ಲದೆ, ಎರಡು ಸ್ಟಾಪ್ ಕಡಿಮೆ ಕೊಟ್ಟು ಬಂಕರಿನ ಬಾಯಿಂದ ಒಳಗೆ ತೆಗೆದಿದ್ದರೆ ರಾತ್ರಿ ಸಿಗುತ್ತಿತ್ತು. ಅದು ಹೊಳೆದದ್ದು ಆಮೇಲೆ.

ಹಡಗಿನ ತೊಡಕು ಇನ್ನೂ ಹಠಮಾರಿ. ಕ್ಯಾಮೆರಾ ನೆಲಕ್ಕೆ ಇಳಿಸಿದರೆ ದಿಗಂತ ಹತ್ತಿರಾಗುತ್ತದೆ, ಹಡಗು ಮರೆಯಾಗುತ್ತದೆ ಎಂಬ ಸಲಹೆ ಬಂತು. ನಿಂತ ಮನುಷ್ಯನ ಕಣ್ಣಿಗೆ ದಿಗಂತ ನಾಲ್ಕೂವರೆ ಕಿಲೋಮೀಟರ್, ಒಂದಡಿ ಎತ್ತರಕ್ಕೆ ಎರಡು ಕಿಲೋಮೀಟರ್. ಆದರೆ ನಲವತ್ತು ಮೀಟರ್ ಎತ್ತರದ ಹಡಗು ಇಪ್ಪತ್ತು ಕಿಲೋಮೀಟರ್ ಆಚೆಯಿಂದಲೂ ತಲೆ ತೋರಿಸುತ್ತದೆ. ಕೊನೆಗೆ ದಿಗಂತವನ್ನೇ ಬಿಟ್ಟರು. ಕಡಲನ್ನು ಮೇಲಿನಿಂದ ಕೆಳಗೆ ನೋಡಿ ತೆಗೆದರು, ಇಲ್ಲವೇ ಮುಂದೆ ಕಾಂಕ್ರೀಟ್ ಅಂಚೊಂದನ್ನು ಅಡ್ಡ ಇಟ್ಟರು. ಚಿತ್ರದಲ್ಲಿ ದಿಗಂತ ಒಂದೇ ಒಂದು ಸಲವೂ ಇಲ್ಲ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಉಸಿರುಕಟ್ಟಿದ ಹಾಗಾಗುತ್ತದೆ, ಅಷ್ಟೇ. ಚಿತ್ರದ ಬಲವೆಂದು ಆಮೇಲೆ ಜನ ಹೇಳಿದ್ದು ಅದನ್ನೇ.

ಗೀರು

ಐದು ದಿನದಲ್ಲಿ 9 ರೋಲು ತೆಗೆದರು. 30 ಮೀಟರಿನ ಒಂದು ರೋಲಿಗೆ 2 ನಿಮಿಷ 46 ಸೆಕೆಂಡು. ಒಂದನ್ನೂ ನಡುವೆ ತೊಳೆಸಲಿಲ್ಲ. ಫ್ರಾನ್ಸಿನಲ್ಲಿ ಕಲಾವಿದರೇ ನಡೆಸುವ ಫಿಲ್ಮ್ ಲ್ಯಾಬುಗಳಿವೆ: ಗ್ರೆನೋಬ್ಲಿನ ಎಂಟಿಕೆ, 1996ರಲ್ಲಿ ಆನ್ಯೇರಿನಲ್ಲಿ ಶುರುವಾಗಿ ಈಗ ಎಪಿನೆ-ಸುರ್-ಸೆನ್‌ನಲ್ಲಿರುವ ಲಾಬೊಮಿನಾಬ್ಲ್, ಇಂಥವು. ಅಲ್ಲಿ ನಮ್ಮ ಕೈಯಾರೆ ತೊಳೆದುಕೊಳ್ಳಬಹುದು. ಅಂಥ ಒಂದು ಕಡೆ ತೊಳೆದು, ಬೆಳಕಿನ ಮೇಜಿನ ಮೇಲೆ ಹಾಸಿದಾಗ ರೋಲು 4, 5, 6ರ ಉದ್ದಕ್ಕೂ ಒಂದು ನೇರ ಗೀರು, ರೋಲು 8ರಲ್ಲಿ ಇನ್ನೊಂದು.

ಗೀರು ಎಲ್ಲಿಂದ ಬಂತೆಂದು ಅದರ ನಡೆಯೇ ಹೇಳುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಜಾಗದಲ್ಲಿ ನೇರವಾಗಿದ್ದರೆ ಕ್ಯಾಮೆರಾದೊಳಗಿನದು. ಆಚೀಚೆ ಅಲೆದಾಡಿದರೆ ತೊಳೆಯುವಾಗ ಅಥವಾ ಸುತ್ತುವಾಗ ಆದದ್ದು. ಇದು ನೇರವಾಗಿತ್ತು. ರೋಲು ಬದಲಿಸಲು ನೆರಳಿಗೆಂದು ಬಂಕರಿನ ಬಾಯಲ್ಲಿ ಕೂತಿದ್ದರು, ಅಲ್ಲಿ ಗಾಳಿ ಸುಳಿಯುತ್ತದೆ, ನಯ ಮರಳು ತರುತ್ತದೆ. ಅದನ್ನು ಡಬ್ಬಿಯ ಗಾಳಿಯಿಂದ ಊದಿ ತೆಗೆದರು. ಊದಿದರೆ ಹೋಯಿತು ಅಂದುಕೊಂಡದ್ದೇ ಎಡವಟ್ಟು: ಗಾಳಿ ಕಣವನ್ನು ಹೊರಗೆ ಹಾಕುವುದಿಲ್ಲ, ಫಿಲ್ಮನ್ನು ಬೆನ್ನಿನ ಕಡೆಯಿಂದ ಒತ್ತಿಹಿಡಿಯುವ ಒತ್ತುಪಟ್ಟಿಯ ಹಿಂದಕ್ಕೆ ತಳ್ಳುತ್ತದೆ. ಮೆತ್ತನೆ ಕುಂಚ, ಚೂಪಲ್ಲದ ಮರದ ಕಡ್ಡಿ, ಒಳ್ಳೆ ಟಾರ್ಚು, ಬೇಕಾದದ್ದು ಇಷ್ಟೇ. ಜೊತೆಗೆ ದಿನಾ ಬೆಳಿಗ್ಗೆ ಒಂದೂವರೆ ಮೀಟರ್ ಹಳೆ ಫಿಲ್ಮ್ ಓಡಿಸಿ ತೆಗೆದು, ಬೆಳಕಿಗೆ ಓರೆಹಿಡಿದು ನೋಡಿದ್ದರೆ ನಷ್ಟ ಒಂದು ರೋಲಿಗೇ ನಿಲ್ಲುತ್ತಿತ್ತು. ಈ ಅಭ್ಯಾಸಕ್ಕೆ ಎರಡು ನಿಮಿಷವೂ ಬೇಡ.

ಎರಡು ಗೀರೂ ಒಂದೇ ಜಾತಿಯವಲ್ಲ, ಮುಂದಿನದೆಲ್ಲ ನಿಂತದ್ದು ಈ ವ್ಯತ್ಯಾಸದ ಮೇಲೆ. 4ರಿಂದ 6ರವರೆಗಿನದು ನೆಗೆಟಿವಿನ ಬೆನ್ನಿನ ಮೇಲೆ, ಒತ್ತುಪಟ್ಟಿಯ ಕಡೆ. ಬೆನ್ನಿನ ಗೀರು ಬೆಳಕನ್ನು ಚದುರಿಸುತ್ತದೆ, ಪ್ರಿಂಟಿನಲ್ಲಿ ಬಿಳಿ ಗೆರೆಯಾಗುತ್ತದೆ, ಅದರ ಕೆಳಗಿನ ಬಿಂಬ ಹಾಗೇ ಇರುತ್ತದೆ. 8ರದು ಬಿಂಬವಿರುವ ಪದರದ ಮೇಲೆ. ಅಲ್ಲಿ ಬಿಂಬವೇ ಕೆತ್ತಿಹೋಗಿರುತ್ತದೆ, ಪ್ರಿಂಟಿನಲ್ಲಿ ಕಪ್ಪು ಗೆರೆ. ಬಿಳಿಯನ್ನು ತುಂಬಬಹುದು. ಕಪ್ಪನ್ನು ಅಳಿಸುವುದು ದೊಡ್ಡ ಪಾಡು.

ಉಳಿದದ್ದು ಮೂರು ಒಳ್ಳೆ ರೋಲು (1, 7, 9), ತೆಗೆಯದ ಐದು. ಇಷ್ಟು ದೊಡ್ಡ ಉಬ್ಬರ ಮತ್ತೆ ಬೇಕೆಂದರೆ ಮಾರ್ಚ್‌ವರೆಗೆ ಕಾಯಬೇಕು. ನಟಿ ಆ ಹೊತ್ತಿಗೆ ಬೇರೆ ಕೆಲಸ ಒಪ್ಪಿಕೊಂಡಿದ್ದರು.

ತಿರುವು

ಕೈಬಿಡೋಣ ಎಂದವರಿದ್ದರು. ಸಂಕಲನಕಾರರು ಬೇರೆ ಮಾತು ತೆಗೆದರು: ಗೀರು ಕಣ್ಣಿಗೆ ಹೊಡೆಯುವುದು ಚಿತ್ರ ಓಡುವಾಗ, ಒಂದೊಂದೇ ಫ್ರೇಮ್ ಆರಿಸಿ ನಿಲ್ಲಿಸಿದರೆ ಅದನ್ನು ತಿದ್ದಬಹುದಲ್ಲ. ಅಲ್ಲಿಗೆ ಚಿತ್ರ ಸ್ಥಿರಚಿತ್ರಗಳ ಕಡೆ ಹೊರಳಿತು.

ಮೊದಲ ಪ್ರಯತ್ನ ಸೋತಿತು. 2ಕೆ ಸ್ಕ್ಯಾನಿನಿಂದ ಫ್ರೇಮ್ ಆರಿಸಿ ಕಂಪ್ಯೂಟರಿನಲ್ಲೇ ಐದು ಸೆಕೆಂಡು ಹಿಡಿದಿಟ್ಟು, ಹನ್ನೆರಡು ಜನರಿಗೆ ತೋರಿಸಿದರು. ಯಂತ್ರ ಕೈಕೊಟ್ಟಿದೆ ಎಂದುಕೊಂಡವರೇ ಹೆಚ್ಚು. ಕಾರಣ ಫಿಲ್ಮಿನ ಕಣ, ಅಂದರೆ ಬಿಂಬವನ್ನು ಕಟ್ಟುವ ಬೆಳ್ಳಿಯ ಸಣ್ಣ ಚುಕ್ಕಿಗಳು. ಓಡುವ ಫಿಲ್ಮಿನಲ್ಲಿ ಪ್ರತಿ ಫ್ರೇಮಿಗೂ ಕಣಗಳ ಜೋಡಣೆ ಬೇರೆ, ಅದರಿಂದಲೇ ಬಿಂಬ ಒಳಗೊಳಗೇ ಮಿಡಿಯುತ್ತಿರುತ್ತದೆ. ಒಂದೇ ಫ್ರೇಮ್ ಹಿಡಿದರೆ ಕಣವೂ ಹೆಪ್ಪುಗಟ್ಟುತ್ತದೆ, ತೊಳೆಯದ ಕಿಟಕಿಗಾಜಿನ ಹಾಗೆ ಕಾಣುತ್ತದೆ. ಮೇಲಿನಿಂದ ಕೃತಕ ಕಣ ಹಾಕಿ ನೋಡಿದರು, ಬಿಂಬದ ಮುಂದೆ ಸೊಳ್ಳೆಪರದೆ ಆಡಿದಂತಾಯಿತು.

ಕಾಗದದ ಮೇಲಿನ ಫೋಟೊವನ್ನು ಸಿನಿಮಾ ಕ್ಯಾಮೆರಾದಿಂದ ತೆಗೆದರೆ ಫೋಟೊ ನಿಂತಿರುತ್ತದೆ, ಫಿಲ್ಮ್ ಓಡುತ್ತಿರುತ್ತದೆ. ಮುಖ ಅಲುಗುವುದಿಲ್ಲ, ಆದರೆ ಸತ್ತೂ ಇರುವುದಿಲ್ಲ. ತಂಡ ಆ ಹಳೆಯ ದಾರಿಗೇ ಬಂತು. ಕತ್ತಲೆಕೋಣೆಯಲ್ಲಿ 16 ಎಂಎಂ ಫ್ರೇಮುಗಳನ್ನು 18×24 ಸೆಂಟಿಮೀಟರಿಗೆ, ಅಂದರೆ ಸುಮಾರು 24 ಪಟ್ಟು ಹಿಗ್ಗಿಸಿದರು. ಹೊಳಪಿನ ಕಾಗದ ಬೇಡ, ದೀಪ ಪ್ರತಿಫಲಿಸುತ್ತದೆ, ಬಣ್ಣವನ್ನೂ ಸರಿಯಾಗಿ ಹೀರುವುದಿಲ್ಲ. ಅರೆ-ಮ್ಯಾಟ್ ಕಾಗದ, ಪ್ಲಾಸ್ಟಿಕ್ ಲೇಪದ್ದಾದರೆ ಒಳ್ಳೆಯದು, ಸುರುಳಿಯಾಗದೆ ಚಪ್ಪಟೆಯಾಗಿ ಕೂರುತ್ತದೆ. ಮೊದಲ ಇಪ್ಪತ್ತು ಪ್ರಿಂಟು ಗೋಡೆಗೆ ತೂಗುಹಾಕುವಷ್ಟು ಚೆನ್ನಾಗಿದ್ದವು, ಅದಕ್ಕೇ ಹಾಳಾದವು: ಪ್ರಿಂಟನ್ನು ಮತ್ತೆ ಫಿಲ್ಮಿಗಿಳಿಸುವಾಗ ಕಪ್ಪು-ಬಿಳುಪಿನ ಅಂತರ ಹೆಚ್ಚುತ್ತದೆ, ನೆರಳೆಲ್ಲ ಮಸಿಯಾಗುತ್ತದೆ. ಎರಡನೇ ಸುತ್ತಿನಲ್ಲಿ ಕಪ್ಪು-ಬಿಳುಪಿನ ಅಂತರ ಕಡಿಮೆ ಕೊಡುವ ಗ್ರೇಡ್ ಒಂದರ ಆಸುಪಾಸಿನಲ್ಲಿ, ಕೈಯಲ್ಲಿ ಹಿಡಿದರೆ ಮಂಕಾಗಿ ಕಾಣುವಂತೆ ಪ್ರಿಂಟು ಹಾಕಿದರು. ಮಂಕು ಪ್ರಿಂಟು ಪರದೆಯ ಮೇಲೆ ಸರಿಯಾಗಿ ಬಂತು.

ಬಿಳಿ ಗೆರೆ ತುಂಬುವುದು ಕುಂಚದ ಕೆಲಸ. ರೋಲು 5ರ ಒಂದು ಫ್ರೇಮಿನಲ್ಲಿ ಅದು ನಟಿಯ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಇಳಿದಿತ್ತು, ಪ್ರಿಂಟಿನಲ್ಲಿ ಅರ್ಧ ಮಿಲಿಮೀಟರ್ ಅಗಲ. ಸೊನ್ನೆ ಸೊನ್ನೆ ನಂಬರಿನ ಕುಂಚವನ್ನು ಬೂದುಬಣ್ಣದಲ್ಲಿ ಅದ್ದಿ, ಹೆಚ್ಚುಕಮ್ಮಿ ಒಣಗುವವರೆಗೆ ಚಿಂದಿಗೆ ಒರೆಸಿ, ಚುಕ್ಕಿ ಚುಕ್ಕಿಯಾಗಿ ಇಡಬೇಕು. ಗೆರೆ ಎಳೆದರೆ ಕೆಟ್ಟಿತು, ಬಿಳಿ ಗೆರೆಯ ಜಾಗದಲ್ಲಿ ಬೂದು ಗೆರೆ ಬರುತ್ತದೆ. ಚುಕ್ಕಿ ಫಿಲ್ಮಿನ ಕಣದಷ್ಟೇ ದಪ್ಪವಿದ್ದರೆ ಕಣದಲ್ಲಿ ಬೆರೆತುಹೋಗುತ್ತದೆ. ಒಂದು ಪ್ರಿಂಟಿಗೆ ಇಪ್ಪತ್ತು ನಿಮಿಷ. ಇಂಥವು 90.

ಒಟ್ಟು ಬೇಕಾದದ್ದು ಸುಮಾರು 220 ಚಿತ್ರ. ಉಳಿದ 130ಕ್ಕೆ ನಟಿ ಹೊರಡುವ ಮೊದಲು ಎರಡು ದಿನ ಮಾಮೂಲಿ 35 ಎಂಎಂ ಸ್ಟಿಲ್ ಕ್ಯಾಮೆರಾದಿಂದ ತೆಗೆದರು. ಹೊಸ ತಲೆನೋವು: ಆ ನೆಗೆಟಿವ್ 16 ಎಂಎಂ ಫ್ರೇಮಿಗಿಂತ ಹನ್ನೊಂದು ಪಟ್ಟು ದೊಡ್ಡದು, ಪ್ರಿಂಟು ನುಣುಪು. ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಸಿನಿಮಾ. ಒರಟು ಕಣ ನೆನಪಿಗೆ, ನುಣುಪು ಈಗಿನದಕ್ಕೆ ಎಂಬುದು ಯಾರಿಗಾದರೂ ಹೊಳೆಯುವ ಹಂಚಿಕೆ. ನಿರ್ದೇಶಕಿ ತಿರುಗಿಸಿದರು: ದಂಡೆಯ ಈಗಿನ ಬದುಕು ಒರಟು, ಬೂದಿ ಸುರಿದಂತೆ, ಹಿಂದಿನ ಅಡುಗೆಮನೆ, ರೈಲು ನಿಲ್ದಾಣ, ಯಾರದೋ ಕೈ, ಇವು ನುಣುಪು. ನೆನಪೇ ಈಗಿನದಕ್ಕಿಂತ ಸ್ಪಷ್ಟ. ಚಿತ್ರದ ಅತ್ಯುತ್ತಮ ನಿರ್ಧಾರ ಇದು. ಗೀರು ಬೀಳದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಪ್ರಿಂಟುಗಳನ್ನು ತೆಗೆದದ್ದು ಅದೇ ಬೋಲೆಕ್ಸಿನಿಂದ. ಎರಡು ದೀಪ, 45 ಡಿಗ್ರಿಯಲ್ಲಿ. ಪ್ರಿಂಟಿನ ಮೇಲೆ ಗಾಜಿಡಲಿಲ್ಲ, ನಾಲ್ಕು ಮೂಲೆಗೆ ಪಿನ್ನು. ಒಂದೊಂದೇ ಫ್ರೇಮ್ ಕ್ಲಿಕ್ಕಿಸಿದರೆ ಈ ಕ್ಯಾಮೆರಾದಲ್ಲಿ ಬೆಳಕು ಮಿಣುಕುತ್ತದೆ, ಆದ್ದರಿಂದ 24ರ ವೇಗದಲ್ಲೇ ಓಡಿಸಿದರು. ಒಂದು ಸಲ ಪೂರ್ತಿ ಸ್ಪ್ರಿಂಗ್ ಸುತ್ತಿದರೆ 28 ಸೆಕೆಂಡು ಓಡುತ್ತದೆ, ಒಂದು ಚಿತ್ರಕ್ಕೆ ಬೇಕಾದದ್ದು ಎಂಟು. 220 ಚಿತ್ರಕ್ಕೆ ಸುಮಾರು 29 ನಿಮಿಷ, ಹನ್ನೊಂದು ರೋಲು. ಐದು ಕೈಯಲ್ಲಿತ್ತು, ಆರು ಕೊಂಡರು.

ಮಾತು ಮತ್ತು ಸದ್ದು

ಚಿತ್ರ ನಿಂತ ಮೇಲೆ ಮಾತಿಲ್ಲದೆ ಸಾಗಲಿಲ್ಲ. ನಿರೂಪಣೆಯ ಮೊದಲ ಕರಡು 2,900 ಪದ. ನಿಧಾನಕ್ಕೆ ಓದಿದರೆ ಇಪ್ಪತ್ತು ನಿಮಿಷ, ಚಿತ್ರದುದ್ದಕ್ಕೂ ಉಸಿರು ಬಿಡಲು ಜಾಗವಿಲ್ಲ. ಪ್ರತಿ ವಾಕ್ಯವನ್ನೂ ಅದರ ಚಿತ್ರದ ಮುಂದೆ ಓದಿ, ಚಿತ್ರವೇ ಹೇಳಿದ್ದನ್ನು ಹೊಡೆದುಹಾಕಿದರು. ‘ಅವಳು ಕೋಲು ನೆಟ್ಟಳು’ ಹೋಯಿತು. ‘ನಿನ್ನೆಗಿಂತ ನಾಲ್ಕು ಬೆರಳು ಹೆಚ್ಚು’ ಉಳಿಯಿತು. ಕೊನೆಗೆ 900 ಪದ.

ಸದ್ದಿನಲ್ಲಿ ಎರಡು ಪಾಠ. ಗಾಳಿಗೆ ಅದರದೇ ಸದ್ದಿಲ್ಲ, ಯಾವುದಕ್ಕಾದರೂ ಬಡಿಯಬೇಕು. ಬಯಲಿನಲ್ಲಿ ಮೈಕ್ ಹಿಡಿದರೆ ಸಿಗುವುದು ಮೈಕಿನ ಗೊರಗೊರ. ಉಪಯೋಗಕ್ಕೆ ಬಂದದ್ದು ಬಂಕರಿನ ಗುಂಡಿನ ಕಿಂಡಿಯೊಳಗೆ, ತುಪ್ಪಳದ ಹೊದಿಕೆ ಹಾಕಿ ಹಿಡಿದ ಧ್ವನಿ, ಮತ್ತು ದಿಬ್ಬದ ಹುಲ್ಲಿನದು. ಎರಡನೆಯ ಪಾಠ: ಅಲೆಯ ಧ್ವನಿಯ ಅಡಿಯಲ್ಲಿ ದೂರದ ಹಡಗಿನ ಎಂಜಿನ್ನಿನ ಗುಂಯ್‌ಗುಡುವಿಕೆ ಸೇರಿಕೊಂಡಿತ್ತು. ಸಣ್ಣ ಹೆಡ್‌ಫೋನಿನಲ್ಲಿ ಅದು ಕೇಳಿರಲಿಲ್ಲ, ಮಿಕ್ಸಿಂಗ್ ಕೋಣೆಯ ದೊಡ್ಡ ಸ್ಪೀಕರಿನಲ್ಲಿ ಎದ್ದುಬಂತು. 90 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಗುಂಯ್ ಹೋಯಿತು, ಅಲೆಯ ಭಾರವೂ ಹೋಯಿತು. ದಂಡೆಗೆ ಅಲೆ ಜೋರಾಗಿ ಬಡಿಯುವ ದಿನ ನೋಡಿ, ಮೈಕನ್ನು ನೀರಿಗೆ ತೀರ ಹತ್ತಿರ ಹಿಡಿದು ಮತ್ತೆ ರೆಕಾರ್ಡ್ ಮಾಡಬೇಕಾಯಿತು.

ಕಡಲಹಕ್ಕಿಗಳ ಕೂಗನ್ನು ತೆಗೆದರೆ ದಂಡೆ ಸ್ಟುಡಿಯೊ ಆಗುತ್ತದೆ, ಇಟ್ಟರೆ ಲೋಕ ಬದುಕಿದೆ ಅನ್ನಿಸುತ್ತದೆ. ಏಳನೇ ನಿಮಿಷದವರೆಗೆ ಇಟ್ಟು, ಒಂದು ಅಲೆಯ ಹಿಂದೆ ಸದ್ದಿಲ್ಲದೆ ನಿಲ್ಲಿಸಿದರು.

ಆದದ್ದು

ಚಲಿಸುವ ದೃಶ್ಯ ಕೊನೆಗೆ ಉಳಿದದ್ದು ಎರಡೂವರೆ ನಿಮಿಷ. ಒಳ್ಳೆಯ ಮೂರು ರೋಲಿನಲ್ಲಿ ಹೆಚ್ಚಿನದು ನೀರು. ಅದರಿಂದ ನಿಯಮವೊಂದು ತಾನಾಗಿ ಹುಟ್ಟಿತು: ಮನುಷ್ಯ ನಿಂತಿರುತ್ತಾಳೆ, ಕಡಲು ಮಾತ್ರ ಚಲಿಸುತ್ತದೆ. ಮಾರ್ಕರ್ ಚಿತ್ರದಲ್ಲಿ ಚಲಿಸುವ ಒಂದೇ ಒಂದು ಗಳಿಗೆ ಹೆಂಗಸೊಬ್ಬಳು ಕಣ್ಣು ತೆರೆಯುವುದು. ಇಲ್ಲಿ ಅದು ತಿರುವುಮುರುವಾಯಿತು. ಆ ಹೋಲಿಕೆ ಬರುತ್ತದೆಂಬ ಅಂಜಿಕೆ ತಂಡಕ್ಕಿತ್ತು, ಬರಲಿ ಎಂದು ಬಿಟ್ಟರು. ಕೆಲವು ಉತ್ಸವಗಳು ಚಿತ್ರವನ್ನು ನಿರಾಕರಿಸಿದವು, ಕೆಲವು ತೆಗೆದುಕೊಂಡವು.

ರೋಲು 8ರ ಜಗಳ ಮಾತ್ರ ಕೊನೆಯವರೆಗೂ ನಡೆಯಿತು. ಉಬ್ಬರ ಬಂಕರಿನ ಬಾಗಿಲಿಗೆ ಬಂದು ಬಡಿಯುವ ಹೊಡೆತ ಇದ್ದದ್ದು ಅದರಲ್ಲೇ, ಕಪ್ಪು ಗೆರೆಯ ಸಮೇತ. ಪ್ರಿಂಟು ಹಾಕಿ ಫೆರಿಸಯನೈಡಿನಿಂದ ಗೆರೆಯನ್ನು ತಿಳಿಯಾಗಿಸಲು ಹೋದರೆ ಮದ್ದು ಅಕ್ಕಪಕ್ಕಕ್ಕೆ ಹರಡಿತು. ದ್ರವದಲ್ಲಿ ಮುಳುಗಿಸಿ ಸ್ಕ್ಯಾನ್ ಮಾಡುವ ವಿಧಾನ ಬೆನ್ನಿನ ಗೀರಿಗೆ ಮದ್ದು, ಬಿಂಬ ಕಿತ್ತುಹೋದಲ್ಲಿಗೆ ಅಲ್ಲ. ಸಂಕಲನಕಾರರು ಸಾಫ್ಟ್‌ವೇರಿನಲ್ಲಿ ಒಂದು ಮಧ್ಯಾಹ್ನ ಕೂತು ಗೆರೆ ತೆಗೆದರು. ಗೆರೆ ಹೋಯಿತು, ಜೊತೆಗೆ ಹಾರುವ ನೀರಹನಿಗಳನ್ನೂ ದೂಳೆಂದು ಎಣಿಸಿ ಯಂತ್ರ ಒರೆಸಿಹಾಕಿತ್ತು, ಅಲೆ ಬೆಣ್ಣೆಯ ಹಾಗೆ ಬಾಗಿಲಿಗೆ ಮೆತ್ತಿಕೊಂಡಿತು. ಎರಡನ್ನೂ ಒಂದರ ಹಿಂದೊಂದು ನೋಡಿದರು, ಗೆರೆಯಿದ್ದದ್ದನ್ನೇ ಇಟ್ಟರು. ಪರದೆಯ ಎಡಗಡೆಯಿಂದ ಮೂರನೇ ಒಂದು ಭಾಗದಲ್ಲಿ ಅದು ಮೇಲಿನಿಂದ ಕೆಳಗಿನವರೆಗೆ ನಿಂತಿರುತ್ತದೆ, 19 ಸೆಕೆಂಡು, ನೀರು ಅದರ ಹಿಂದೆ ಏರುತ್ತದೆ.